ಕಂಬಳಿಯ ಕಸರ

ಸೊಲ್ಲಾಪುರದ ಕನ್ನಡ ಒಂದು ಕಾಲನ್ನು ಮರಾಠಿಯಲ್ಲಿಟ್ಟುಕೊಂಡೇ ನಡೆಯುತ್ತದೆ. ಹಾಗೆ ನಡೆಯುವವರು ಆಗಾಗ ಎಡವುವುದೂ ಉಂಟು. ಅಣ್ಣಾರಾಯ ಎಡವಿದ್ದು ‘ಕಸರ’ ಎಂಬ ಮೂರಕ್ಷರದ ಮಾತಿಗೆ, ಅದೂ ಹೆಣ್ಣು ನೋಡಲು ಹೋದ ಮನೆಯ ಪಡಸಾಲೆಯಲ್ಲಿ.

ಸೊಲ್ಲಾಪುರದ ನವಿ ಪೇಠದ ಬಜಾರಿನಲ್ಲಿ ಕೊಡುವುದು, ತರುವುದು, ಜಗಳಾಡುವುದು ಎಲ್ಲ ಮರಾಠಿಯಲ್ಲಿ. ಅಲ್ಲಿ ಕಸರ ಅಂದರೆ ಉಣ್ಣೆ ತಿನ್ನುವ ಹುಳ. ಮಾಲಿಗೆ ಕಸರ ಹತ್ತಿತು ಅಂದರೆ ಅಂಗಡಿಕಾರನ ಎದೆ ಧಸಕ್ಕೆನ್ನುತ್ತದೆ. ಅಕ್ಕಲಕೋಟೆಯ ಕನ್ನಡದ ಮನೆಗಳಲ್ಲಿ ಅದೇ ಹುಳಕ್ಕೆ ನುಸಿ ಅನ್ನುತ್ತಾರೆ. ಕಸರ ಅಂದರೆ ಅಲ್ಲಿ ಕೊರತೆ, ಊನ. ಉಪ್ಪು ಕಡಿಮೆಯಾದ ಸಾರಿನಲ್ಲಿ ಕಸರ, ಬೀಗರಿಗೆ ಮಾಡಿದ ಮಾನಪಾನದಲ್ಲಿ ಕಸರ, ನೋಡಿದ ಹೆಣ್ಣಿನಲ್ಲಿ ಕಸರ. ಇದಿಷ್ಟು ತಲೆಯಲ್ಲಿಟ್ಟುಕೊಂಡರೆ ಸಾಕು, ಉಳಿದದ್ದನ್ನು ಹೇಳುತ್ತೇನೆ.

ಅಣ್ಣಾರಾಯನದು ನವಿ ಪೇಠದಲ್ಲಿ ಉಣ್ಣೆಯ ಅಂಗಡಿ. ಸಲಗರ, ನಂದೇಶ್ವರದ ಕಡೆಯಿಂದ ಕಂಬಳಿ ಬರುತ್ತಿದ್ದವು, ಪಂಜಾಬಿನಿಂದ ಶಾಲು. ತಂದೆ ತೀರಿಕೊಂಡ ವರ್ಷ ಮಳೆಗಾಲದಲ್ಲಿ ಕಟ್ಟಿಟ್ಟಿದ್ದ ಶಾಲುಗಳ ಗಂಟನ್ನು ದಸರೆಗೆ ಬಿಚ್ಚಿದರೆ ಎಲ್ಲ ಜರಡಿಯಾಗಿದ್ದವು. ಬೇರೆ ಯಾರಾದರೂ ಆಗಿದ್ದರೆ ಇನ್ನಷ್ಟು ಡಾಂಬರ ಗುಳಿಗೆ ತಂದು ಸುರಿದು ಸುಮ್ಮನಾಗುತ್ತಿದ್ದರು. ಅಣ್ಣಾರಾಯ ಹಾಗಲ್ಲ. ವೈರಿಯ ಗುಟ್ಟು ತಿಳಿಯದೆ ಕಾದಾಡುವುದು ಹೇಗೆ ಅಂತ ನಾಲ್ಕು ಹುಳ ಹಿಡಿದು ಗಾಜಿನ ಬರಣಿಯಲ್ಲಿ ಹಾಕಿ, ಅವಕ್ಕೆ ಉಣ್ಣೆಯ ತುಂಡು ತಿನ್ನಿಸುತ್ತ ಕೂತ. ವೈರ ಬರಬರುತ್ತ ಏನಾಯಿತು ಅಂತ ಅವನಿಗೇ ಗೊತ್ತಾಗಲಿಲ್ಲ. ಬಜಾರು ಮುಚ್ಚುವ ಸೋಮವಾರ ಅವನು ಸಿನಿಮಾಕ್ಕೆ ಹೋಗುವುದನ್ನು ಬಿಟ್ಟು ಬರಣಿಯ ಮುಂದೆ ಕೂರತೊಡಗಿದ.

ಕಸರದಲ್ಲಿ ಎರಡು ಜಾತಿ. ಒಂದು ಎಲ್ಲರಿಗೂ ಗೊತ್ತಿದ್ದದ್ದು, ತಿನ್ನುವಲ್ಲೇ ನೂಲಿನ ಬಲೆ ಹರಡಿಕೊಂಡು ಬೀಳುತ್ತದೆ. ಇನ್ನೊಂದನ್ನು ಬಜಾರಿನಲ್ಲೇ ತಲೆ ನರೆತವರೂ ಸರಿಯಾಗಿ ನೋಡಿರಲಿಲ್ಲ. ಅದು ಮನೆ ಹೊತ್ತು ತಿರುಗುವ ಜಾತಿ. ಮೊಟ್ಟೆಯಿಂದ ಹೊರಬಿದ್ದ ಮರಿ ಮೊದಲು ಮೈ ಮುಚ್ಚಿಕೊಳ್ಳುವ ದಾರಿ ನೋಡುತ್ತದೆ. ಉಣ್ಣೆಯ ಎಳೆ ಕಡಿದು, ತನ್ನ ಬಾಯಿಂದ ಬರುವ ರೇಷ್ಮೆಯಲ್ಲಿ ಹೆಣೆದು ಒಂದು ಚೀಲ ಮಾಡಿಕೊಳ್ಳುತ್ತದೆ. ಬೆಳೆದಾಗಲೂ ಆ ಚೀಲ ಜೀರಿಗೆ ಕಾಳಿಗಿಂತ ಚೂರು ದೊಡ್ಡದು, ಅಷ್ಟೇ. ಅದಕ್ಕೆ ಎರಡೂ ಕಡೆ ಬಾಯಿ. ಈ ಬಾಯಿಂದ ತಲೆ ಹೊರಗೆ ಹಾಕಿ ತಿನ್ನುತ್ತದೆ, ಮನಸ್ಸಾದರೆ ಒಳಗೇ ಹೊರಳಿ ಆ ಬಾಯಿಂದ ತಲೆ ಹಾಕುತ್ತದೆ. ಮೈ ಬೆಳೆದು ಚೀಲ ಬಿಗಿಯಾದರೆ ಬಿಟ್ಟು ಓಡುವುದಿಲ್ಲ. ಪಕ್ಕದಲ್ಲಿ ಸೀಳಿ, ದರ್ಜಿ ಕುಪ್ಪಸಕ್ಕೆ ಪಟ್ಟಿ ಕೊಟ್ಟ ಹಾಗೆ ತುಂಡು ಕೂಡಿಸಿ ಅಗಲ ಮಾಡುತ್ತದೆ. ಉದ್ದ ಸಾಲದಿದ್ದರೆ ತುದಿಗಳಿಗೆ ಹೊಸ ಎಳೆ ಸೇರಿಸುತ್ತದೆ.

ಎಳೆ ಯಾವ ಬಣ್ಣದ್ದೋ ಚೀಲವೂ ಅದೇ ಬಣ್ಣ. ಅಣ್ಣಾರಾಯನನ್ನು ಹಿಡಿದು ಹಾಕಿದ್ದು ಇದೇ. ಬಿಳಿ ಉಣ್ಣೆಯಲ್ಲಿ ಹುಟ್ಟಿದ್ದನ್ನು ಎತ್ತಿ ಕರಿ ಉಣ್ಣೆಯ ಮೇಲಿಟ್ಟರೆ ನಡುವೆ ಬಿಳಿ ಉಳಿದು ತುದಿಗಳು ಕರ್ರಗಾಗುತ್ತಿದ್ದವು. ಹಾಗಾಗಿ ಚೀಲ ನೋಡಿ ಈ ಹುಳ ಎಲ್ಲಿ ಹುಟ್ಟಿತು, ಆಮೇಲೆ ಎಲ್ಲಿಗೆ ಬಂತು ಎಂದು ಹೇಳಬಹುದಿತ್ತು. ನಮ್ಮ ನಿಮ್ಮ ಬಗ್ಗೆ ಅಷ್ಟು ಸುಲಭವಾಗಿ ಹೇಳಲಾಗದು.

ರೆಕ್ಕೆ ಬಂದ ಮೇಲೆ ಅದರ ಬಾಳು ನೀರಸ. ಧೂಳಿನ ಬಣ್ಣದ ಪುಟ್ಟ ಪತಂಗ, ರೆಕ್ಕೆಯ ಮೇಲೆ ಮಸುಕಾದ ಚುಕ್ಕೆಗಳು. ಏನನ್ನೂ ತಿನ್ನುವುದಿಲ್ಲ. ದೀಪಕ್ಕೆ ಹಾರಿ ಬೀಳುವ ಶೂರ ಜಾತಿಯೂ ಅಲ್ಲ, ಬೆಳಕು ಕಂಡರೆ ಓಡಿ ಬಟ್ಟೆಯ ಮಡಿಕೆ ಸೇರುತ್ತದೆ. ಎದುರಿಗೆ ಹಾರಿದ್ದನ್ನು ಚಪ್ಪಾಳೆ ತಟ್ಟಿ ಕೊಂದು ಗೆದ್ದೆವು ಅಂದುಕೊಳ್ಳುವವರಿದ್ದಾರೆ. ಹಾರುವುದು ಬಹುಮಟ್ಟಿಗೆ ಗಂಡು, ಮೊಟ್ಟೆಯಿಡುವ ಹೆಣ್ಣು ಕತ್ತಲಲ್ಲಿ ಆರಾಮಾಗಿ ಕೂತಿರುತ್ತದೆ. ಇನ್ನೊಂದು ಮಾತು: ತೊಳೆದು ಬಿಸಿಲು ಕಾಣಿಸಿದ ಉಣ್ಣೆ ಇದರ ಮರಿಗಳಿಗೆ ರುಚಿಸದು. ಮನುಷ್ಯರ ಬೆವರು, ತಲೆಯ ಎಣ್ಣೆ ಹತ್ತಿದ್ದು ಬೇಕು.

ತಾಯಿ ಗಂಗುಬಾಯಿಗೆ ಇದೆಲ್ಲ ಕೇಳಿ ಕೇಳಿ ಸಾಕಾಗಿತ್ತು.

“ಹಾವಿಗಿ ಹಾಲೆರ್ಯಾವರ ಕಥಿ ಕೇಳಿದ್ದೆ. ಹುಳಕ್ಕ ಶಾಲು ತಿನ್ನಸಾಂವ ನೀ ಒಬ್ಬಾಂವನ ನೋಡು. ಆ ಹುಳಾನೂ ಹುಟ್ಟಿದ ಕೂಡ್ಲೇ ಮನಿ ಮಾಡಕೊಂತೈತಿ. ನೀ ಯಾವಾಗ ಮಾಡಕೊಳ್ಳಾಂವ?”

ಮೂವತ್ತು ದಾಟಿದ ಮಗನಿಗೆ ಈ ಪ್ರಶ್ನೆ ಹಾಕದ ತಾಯಿ ಎಲ್ಲೂ ಇಲ್ಲ. ಕೊನೆಗೆ ಅವರ ಮನೆಗೆ ಬಂದುಹೋಗುವ ಜಂಗಮ ಬಸಯ್ಯ ಒಂದು ಸಂಬಂಧ ತಂದ. ಅಕ್ಕಲಕೋಟೆಯ ಸಾತಲಿಂಗಪ್ಪ, ಕಾಳುಕಡಿಯ ವ್ಯಾಪಾರಿ. ಹೆಂಡತಿ ತೀರಿಕೊಂಡಿದ್ದಾಳೆ, ಮುದುಕಿ ತಾಯಿ ಅಕ್ಕನಾಗಮ್ಮ ಇದ್ದಾಳೆ, ಒಬ್ಬಳೇ ಮಗಳು ಸುಗಲಾ. ಎಪ್ಪತ್ತೆರಡರ ಬರ ಕಳೆದು ಜನ ಮತ್ತೆ ಮದುವೆ ಮುಂಜಿಯ ಮಾತಾಡಲು ಶುರುಮಾಡಿದ್ದ ಕಾಲ ಅದು. ಒಂದು ಸೋಮವಾರ ತಾಯಿ, ಮಗ, ಬಸಯ್ಯ ಮೂವರೂ ಎಸ್.ಟಿ. ಹತ್ತಿದರು.

ಸಾತಲಿಂಗಪ್ಪನ ಮನೆಯಲ್ಲಿ ಅಕ್ಕನಾಗಮ್ಮ ಪಡಸಾಲೆಗೆ ಕರಿ ಕಂಬಳಿ ಹಾಸಿದಳು. ಬೀಗರಾಗುವವರು ಬಂದಾಗ ಮಾತ್ರ ಹಾಸುವ ಹಳೆಯ ಕಂಬಳಿ, ಅವಳ ಅತ್ತೆಯ ಕಾಲದ್ದು. ಗಂಡಸರು ಅದರ ಮೇಲೆ ಕೂತರು, ಗಂಗುಬಾಯಿ ಒಳಗೆ ಹೋದಳು. ಬಾಗಿಲ ಮರೆಯಿಂದ ಮಾತು ಕೇಳುತ್ತಿತ್ತು.

“ಹೊಲಗಿ ಬರತೈತೇನವ್ವಾ?” ಇದು ಗಂಗುಬಾಯಿ.

“ಹರದದ್ದು ಹೊಲಿತೀನ್ರಿ. ಹೊಸಾದಕ್ಕ ದರ್ಜಿ ಅದಾನಲ್ರಿ, ಅಂವಾ ಏನು ಮಾಡಬೇಕು?”

“ಏ ಹುಡುಗಿ, ಬಾಯಿ ನೋಡು ಬಾಯಿ!” ಅಂತ ಅಕ್ಕನಾಗಮ್ಮ ಗದರಿದ್ದೂ, ಗಂಗುಬಾಯಿ ನಕ್ಕಿದ್ದೂ ಒಟ್ಟಿಗೇ ಕೇಳಿಸಿತು. ಪಡಸಾಲೆಯಲ್ಲಿ ಅಣ್ಣಾರಾಯನಿಗೆ ಒಳಗೊಳಗೇ ಖುಷಿಯಾಯಿತು. ಈ ದನಿ ನಮ್ಮ ಮನೆಯಲ್ಲಿದ್ದರೆ ಎಷ್ಟು ಚೆನ್ನ ಅಂದುಕೊಂಡ. ತಾಯಿಯನ್ನು ಒಂದೇ ಮಾತಿಗೆ ನಗಿಸಿದವರನ್ನು ಅವನು ಈವರೆಗೆ ಕಂಡಿರಲಿಲ್ಲ. ಮನಸ್ಸಿನಲ್ಲೇ ಹೂಂ ಅಂದುಬಿಟ್ಟ.

ಅಷ್ಟರಲ್ಲಿ ಬಳೆಯ ಸಪ್ಪಳವಾಯಿತು. ನೋಡಲು ಬಂದ ಗಂಡು ತಾನೇ ನಾಚಿ ತಲೆ ತಗ್ಗಿಸಿದ. ತಗ್ಗಿಸಿದ್ದೇ ತಪ್ಪಾಯಿತು. ಕಂಬಳಿಯ ಮೇಲೆ, ಅವನ ಮೊಣಕಾಲ ಹತ್ತಿರ, ಜೀರಿಗೆಯಂಥದ್ದೊಂದು ನಡೆದು ಹೊರಟಿತ್ತು. ಅವನು ಬಾಗಿದ. ತುದಿಗಳು ಕರ್ರಗೆ, ನಡುವೆ ಕುಂಕುಮದಂಥ ಕೆಂಪು. ಬರಣಿಯ ಹೊರಗೆ ಎರಡು ಬಣ್ಣದ ಚೀಲವನ್ನು ಅವನು ಎಂದೂ ನೋಡಿರಲಿಲ್ಲ.

“ಕಸರ ಐತಿ!” ಅಂದ, ಗಟ್ಟಿಯಾಗಿ.

ಅವಲಕ್ಕಿಯ ತಾಟು ಹಿಡಿದ ಸುಗಲಾ ಅವನ ಮುಂದೆಯೇ ನಿಂತಿದ್ದಳು. ಅವನಿಗೆ ಅದರ ಪರಿವೆಯಿಲ್ಲ. ಬಸಯ್ಯನ ಕಡೆ ವಾಲಿ, “ದೂರಿಂದ ಗೊತ್ತಾಗೂದಿಲ್ರಿ. ಕಣ್ಣಿಟ್ಟು ನೋಡಿದ್ರ ಕಾಣತೈತಿ,” ಅಂತ ಬೇರೆ ಸೇರಿಸಿದ.

ತಾಟು ನೆಲ ಮುಟ್ಟಿದ ಸಪ್ಪಳವಾಯಿತು. ಅಣ್ಣಾರಾಯ ತಲೆಯೆತ್ತುವಷ್ಟರಲ್ಲಿ ಒಳಗೆ ಹೋಗುತ್ತಿದ್ದ ಹುಡುಗಿಯ ಬೆನ್ನು ಕಾಣಿಸಿತು. ಸಾತಲಿಂಗಪ್ಪ ಎದ್ದು ನಿಂತ.

“ಬಸಯ್ಯಾರ, ನಿಮ್ಮ ಬಸ್ಸಿಗಿ ಹೊತ್ತಾತು ಕಾಣತೈತಿ,” ಅಂದ.

ಬಸ್ಸಿನಲ್ಲಿ ಗಂಗುಬಾಯಿ ಮಗನ ಕಡೆ ತಿರುಗಿಯೂ ನೋಡಲಿಲ್ಲ. ವಳಸಂಗ ದಾಟಿದ ಮೇಲೆ ಅವಳ ಬಾಯಿ ಬಿಚ್ಚಿತು.

“ಅಷ್ಟು ಮಂದ್ಯಾಗ ಅನಬೇಕಾಗಿತ್ತೇನೋ? ಬ್ಯಾಡಾಗಿದ್ರ ಮನಿಗಿ ಬಂದು ಅನಬೇಕು.”

“ಬ್ಯಾಡ ಅಂತ ಯಾರಂದ್ರು? ನನಗ ಹುಡುಗಿ ಪಸಂದ ಐತಿ. ಕಂಬಳ್ಯಾಗ ಕಸರ ಐತಿ ಅಂದೆ, ಇಷ್ಟ.”

ಬಸಯ್ಯ ಹಣೆ ಹಣೆ ಬಡಿದುಕೊಂಡ. “ಅಯ್ಯೋ ತಮ್ಮಾ, ಅದಕ್ಕ ನುಸಿ ಅನ್ನಬಾರದಾಗಿತ್ತ? ಆ ಹುಡುಗಿಗಿ ಸಣ್ಣಾಕಿದ್ದಾಗ ದೇವಿ ಬ್ಯಾನಿ ಬಂದು ಎಡಗಣ್ಣಾಗ ಬಿಳಿ ಹೂ ಬಿದ್ದೈತಿ. ಇದರ ಮೊದಲ ಇಬ್ಬರು ಬಂದು ಕಣ್ಣಿಗಿ ಹೆಸರಿಟ್ಟು, ಬ್ಯಾಡಂದು ಹೋಗ್ಯಾರ. ನೀ ಹೋಗಿ ಕಸರ ಐತಿ ಅಂದಿ, ಮ್ಯಾಲ ಕಣ್ಣಿಟ್ಟು ನೋಡ್ರಿ ಅಂದಿ! ಮುಂದ ನಿಂತಿದ್ಲಲ್ಲೋ, ಆಕಿ ಕಣ್ಣು ನೀ ನೋಡ್ಲಿಲ್ಲೇನು?”

“ಇಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅಣ್ಣಾರಾಯನಿಗೆ ಜ್ವರ ಬಂದವನ ಹಾಗಾಗಿತ್ತು. ಒಂದು ಹುಡುಗಿಯ ಬೆಂದ ಗಾಯಕ್ಕೆ ಉಪ್ಪು ತಿಕ್ಕಿ ಬಂದಿದ್ದ, ಅದೂ ತನಗೆ ಬೇಕು ಅನ್ನಿಸಿದ ಹುಡುಗಿಯ ಗಾಯಕ್ಕೆ.

ಮರುವಾರ ಬಸಯ್ಯ ಒಬ್ಬನೇ ಅಕ್ಕಲಕೋಟೆಗೆ ಹೋಗಿ ಹುಳದ ಕಥೆ ಹೇಳಿ ನೋಡಿದ. ಸಾತಲಿಂಗಪ್ಪ ಪೂರ್ತಿ ಕೇಳಿಸಿಕೊಂಡು, ಕಂಬಳಿ ತರಿಸಿ, ಬಸಯ್ಯನ ಮುಂದೆಯೇ ಮೂಲೆ ಮೂಲೆ ಹುಡುಕಿಸಿದ. ಹುಳವೂ ಇಲ್ಲ, ತೂತೂ ಇಲ್ಲ.

“ಮೊದಲ ಹುಡುಗಿಗಿ ಹೆಸರಿಟ್ರಿ. ಈಗ ಮನಿಗೂ ಹೆಸರಿಡಾಕ ಬಂದೀರೇನ್ರಿ? ನಮ್ಮವ್ವ ಕಂಬಳಿ ಝಾಡಿಸಿ ಝಾಡಿಸಿ ಬಿಸಲಿಗಿ ಹಾಕ್ತಾಳ,” ಅಂದನಂತೆ.

ಅಣ್ಣಾರಾಯನ ಪಾಡು ನೋಡಿ. ಹುಳ ಇಲ್ಲ ಅಂದರೆ ಹುಡುಗಿಯಲ್ಲಿ ಊನ ಹುಡುಕಿದವನು, ಇದೆ ಅಂದರೆ ಅವರ ಮನೆಗೆ ಹೊಲಸಿನ ಹೆಸರು ತಂದವನು. ಗಂಗುಬಾಯಿ ಬಿಟ್ಟುಬಿಡು ಅಂದಳು. ಅವನು ಬಿಡಲಿಲ್ಲ. ಅಂಗಡಿಯ ಗಲ್ಲೆಯ ಮೇಲೆ ಕೂತು ಆ ಚೀಲವನ್ನೇ ಕಣ್ಣ ಮುಂದೆ ತಂದುಕೊಂಡ. ತುದಿ ಕರಿ, ನಡು ಕೆಂಪು. ನಡು ಕೆಂಪು ಅಂದಮೇಲೆ ಅದು ಹುಟ್ಟಿದ್ದು ಕಂಬಳಿಯಲ್ಲಿ ಅಲ್ಲವೇ ಅಲ್ಲ. ಆ ಮನೆಯಲ್ಲಿ ಎಲ್ಲೋ ಕೆಂಪು ಉಣ್ಣೆ ಇದೆ, ಅಲ್ಲಿಂದ ಬಂದಿದೆ. ಇಷ್ಟು ಹೊಳೆದದ್ದೇ ತಡ, ಅಂಗಡಿಯನ್ನು ಗುಮಾಸ್ತನಿಗೆ ಒಪ್ಪಿಸಿ ಬಸಯ್ಯನನ್ನು ಎಳೆದುಕೊಂಡು ಹೊರಟ. ಮಾತು ತಿದ್ದಿಕೊಂಡರೆ ಹುಡುಗಿ ಸಿಕ್ಕಾಳು ಎಂಬ ಆಸೆ ದಾರಿಯುದ್ದಕ್ಕೂ ಅವನ ಜೊತೆಗಿತ್ತು.

ಈ ಸಲ ಯಾರೂ ಕಂಬಳಿ ಹಾಸಲಿಲ್ಲ. ಬಾಗಿಲ ಬಳಿ ನಿಂತೇ ಅಣ್ಣಾರಾಯ ಕೈಮುಗಿದ.

“ನಾ ಹುಡುಗಿಗಿ ಏನೂ ಅಂದಿಲ್ರಿ ಮಾಮಾ. ನಮ್ಮ ಬಜಾರದಾಗ ನುಸಿಗಿ ಕಸರ ಅಂತಾರ. ಒಂದ ಮಾತು ಹೇಳ್ರಿ, ಆ ಕಂಬಳಿ ಎಲ್ಲಿಡ್ತೀರಿ?”

ಸಾತಲಿಂಗಪ್ಪ ಮುಖ ತಿರುಗಿಸಿದ. ಅಕ್ಕನಾಗಮ್ಮನಿಗೆ ಪ್ರಶ್ನೆ ಕೇಳಿದರೆ ಸುಮ್ಮನಿದ್ದು ಗೊತ್ತಿರಲಿಲ್ಲ. “ಒಳಗಿನ ಖೋಲ್ಯಾಗ, ಟ್ರಂಕಿನ ಮ್ಯಾಲ,” ಅಂದಳು.

“ಟ್ರಂಕಿನ್ಯಾಗ ಕೆಂಪು ಉಣ್ಣೀದು ಏನರೆ ಐತೇನ್ರಿ?”

ಸಾತಲಿಂಗಪ್ಪನ ಮುಖ ಬದಲಾಯಿತು. “ಆ ಟ್ರಂಕ ನಾವು ತೆಗಿಯೂದಿಲ್ಲ,” ಅಂದ.

“ಐತ್ರಿ,” ಒಳಗಿನಿಂದ ಸುಗಲಾಳ ದನಿ ಬಂತು. “ನಮ್ಮವ್ವನ ಶಾಲು. ಕೆಂಪಂದೈತಿ.”

“ಸುಗಲಾ!”

“ತೆಗೀರಿ ಅಪ್ಪಾ. ಖರೇ ಯಾವುದು ಸುಳ್ಳ ಯಾವುದು ಗೊತ್ತಾಗಲಿ.”

ಅದು ಸಾತಲಿಂಗಪ್ಪನ ಹೆಂಡತಿ ಕಾಯಿಲೆಯಲ್ಲಿ ಹೊದ್ದುಕೊಂಡಿದ್ದ ಶಾಲು. ಅವಳು ಹೋದ ಮೇಲೆ ತೊಳೆಯಲು ಯಾರಿಗೂ ಕೊಡದೆ, ಅವಳ ತಲೆಯೆಣ್ಣೆಯ ವಾಸನೆ ಇದ್ದ ಹಾಗೆಯೇ ಮಡಚಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದ. ಬಿಸಿಲಿಗೂ ಹಾಕಿರಲಿಲ್ಲ. ವಾಸನೆ ಹೋದೀತು ಎಂಬ ಹೆದರಿಕೆ. ವ್ಯಾಪಾರದಲ್ಲಿ ಗಟ್ಟಿ ಮನುಷ್ಯ, ಆದರೆ ಈ ಒಂದು ವಿಷಯದಲ್ಲಿ ಮೆತ್ತಗೆ. ಮಗಳಿಗೂ ಗೊತ್ತಿತ್ತು, ಅವಳೂ ಕೇಳಿರಲಿಲ್ಲ.

ಸಾತಲಿಂಗಪ್ಪ ಒಳಗಿನ ಕೋಣೆಗೆ ನಡೆದ, ಉಳಿದವರು ಹಿಂದೆ ಹೋದರು. ಕೀಲಿ ಹುಡುಕಲು ಹೊತ್ತು ಹಿಡಿಯಿತು. ಹಿಂಬದಿಯ ಕೀಲಿನ ಹತ್ತಿರ ಟ್ರಂಕು ತುಕ್ಕು ಹಿಡಿದು ಸೀಳು ಬಿಟ್ಟಿದ್ದನ್ನು ಅಣ್ಣಾರಾಯ ಆಗಲೇ ನೋಡಿದ್ದ. ಮುಚ್ಚಳ ಎತ್ತಿದಾಗ ಶಾಲು ಮಡಿಕೆ ಮುರಿಯದೆ ಹೊಸದರಂತೆ ಕಂಡಿತು. ಸಾತಲಿಂಗಪ್ಪ ಎರಡೂ ಕೈಯಿಂದ ಎತ್ತಿದ. ಎತ್ತಿದ್ದು ಅಂಚು ಮಾತ್ರ. ನಡುವಿನದೆಲ್ಲ ಕೆಂಪು ಪುಡಿಯಾಗಿ ಟ್ರಂಕಿನೊಳಗೆ ಉದುರಿತು. ಪುಡಿಯಲ್ಲಿ ಕೆಂಪು ಜೀರಿಗೆ ಚೆಲ್ಲಿದಂತೆ ಚೀಲಗಳು. ಧೂಳಿನ ಬಣ್ಣದ ಪತಂಗಗಳು ಬೆಳಕಿಗೆ ಬೆದರಿ ಮೂಲೆ ಮೂಲೆಗೆ ಓಡಿದವು.

ಸಾತಲಿಂಗಪ್ಪ ಅಲ್ಲೇ ನೆಲದ ಮೇಲೆ ಕೂತ. ಎಷ್ಟಾದರೂ ನ್ಯಾಯದ ಮನುಷ್ಯ, ಸ್ವಲ್ಪ ಸುಧಾರಿಸಿಕೊಂಡು ಅಂದ: “ಖರೇ ಹೇಳಿದ್ರಿ. ನಾವ ತಪ್ಪು ತಿಳಕೊಂಡ್ವಿ.”

ಬಸಯ್ಯನಿಗೆ ಇಷ್ಟು ಸಾಕಿತ್ತು. “ಅಕ್ಕನಾಗಮ್ಮಾರ, ಸಕ್ರಿ ತರ್ರಿ! ಗಂಟು ಬಿಚ್ಚಿತು, ಗಂಟು ಹಾಕೂಣು,” ಅಂದ. ಮುದುಕಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು.

ಅಣ್ಣಾರಾಯನ ಖುಷಿಯನ್ನು ಕೇಳಬೇಡಿ. ಮಂಡಿಯೂರಿ ಕೂತು, ಎರಡು ಚೀಲ ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. “ನೋಡ್ರಿ, ಇವು ಪೂರ್ತಿ ಕೆಂಪು. ಇಲ್ಲೇ ಹುಟ್ಟ್ಯಾವ, ಹೊರಗ ಹೋಗಿಲ್ಲ. ಕಂಬಳಿ ಮ್ಯಾಲ ಬಂದಿದ್ದು ಇದರಾಗಿಂದ ತಪ್ಪಿಸಿಕೊಂಡದ್ದು. ಬೆವರು, ಎಣ್ಣಿ ಇದ್ದದ್ದಕ್ಕ ಇಷ್ಟು ಬೆಳದಾವ. ಇದನ್ನ ಇವತ್ತ ಸುಡಬೇಕ್ರಿ, ಇಲ್ಲಾಂದ್ರ ಮನಿ ತುಂಬ ಆಗತಾವ.”

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸುಗಲಾ ಬಾಗಿಲಿನಿಂದ ಬಂದು ತಂದೆಯ ಕೈಯಲ್ಲಿದ್ದ ಅಂಚನ್ನು ತೆಗೆದುಕೊಂಡಳು. ಉದುರಿದ ಪುಡಿಯನ್ನೂ ಬಾಚಿ ಸೆರಗಿನಲ್ಲಿ ತುಂಬಿಕೊಂಡಳು, ಹುಳಸಮೇತ. ಆಮೇಲೆ ಅಣ್ಣಾರಾಯನ ಕಡೆ ತಿರುಗಿದಳು.

“ನಾ ಅವತ್ತು ತಾಟು ಹಿಡಕೊಂಡು ನಿಂತಾಗ ನೀವು ಇದನ್ನ ನೋಡಾಕತ್ತಿದ್ರಿ?”

“ಹೌದ್ರಿ. ದೇವರಾಣಿ, ಇದನ್ನ ನೋಡಿದ್ದು. ನಿಮ್ಮ ಕಣ್ಣು ನಾ ನೋಡೇ ಇಲ್ಲ,” ಅಂದ ಅವನು. ಇದಕ್ಕಿಂತ ದೊಡ್ಡ ಸಮಾಧಾನದ ಮಾತು ಇನ್ನೊಂದಿಲ್ಲ ಎಂದು ಅವನು ನಂಬಿದ್ದ.

“ಗೊತ್ತಾತ್ರಿ. ನಿಮ್ಮ ಮೊದಲ ಬಂದವರಿಬ್ಬರೂ ಹೆಸರಿಟ್ಟು ಹೋದ್ರು. ಸಿಟ್ಟು ಬಂದಿತ್ತು, ಅತ್ತಿದ್ದೆ. ಆದ್ರ ಅವರು ನನ್ನ ಮಾರಿ ನೋಡಿ ಹೆಸರಿಟ್ರು. ನೀವು ಹುಳದ ಮನಿ ನೋಡಿ ನಮ್ಮ ಮನ್ಯಾಗಿನ ಟ್ರಂಕಿನ ತನಕಾ ಬಂದ್ರಿ. ನಾ ಮುಂದ ನಿಂತಿದ್ದೆ, ನನ್ನ ತನಕಾ ಬರಲಿಲ್ಲ. ಈಗೂ ನಮ್ಮಪ್ಪ ಏನು ಕಳಕೊಂಡು ಕುಂತಾನ ನೋಡಿಲ್ಲ, ಸುಡ್ರಿ ಅಂತೀರಿ.”

“ಸುಗಲವ್ವಾ, ಹಂಗನಬ್ಯಾಡ...” ಬಸಯ್ಯ ನಡುವೆ ಬಾಯಿ ಹಾಕಿದ.

“ಇರ್ರಿ ಅಯ್ಯಾರ. ಈಗರೆ ನೋಡ್ರಿ,” ಅಂತ ಅವಳು ಮುಖವೆತ್ತಿ ನಿಂತಳು.

ಅಣ್ಣಾರಾಯ ನೋಡಿದ. ಎಡಗಣ್ಣಿನ ಕಪ್ಪಿನ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳುಪು, ಕೆನ್ನೆಯ ಮೇಲೆ ದೇವಿಯ ಗುರುತು ಒಂದೆರಡು. ಎರಡೂ ಕಣ್ಣಲ್ಲಿ ನೀರು ನಿಂತಿತ್ತು, ಒಂದೂ ರೆಪ್ಪೆ ಮಿಟುಕಿಸಲಿಲ್ಲ. ಅವನು ಇಷ್ಟು ಹೊತ್ತು ಯಾರ ಮುಖವನ್ನೂ ನೋಡಿದವನಲ್ಲ. ಈ ಮುಖ ತನಗೆ ಬೇಕು ಅಂತ ಅವನಿಗೆ ಅನ್ನಿಸಿತು. ಬಹಳ ಬೇಕು ಅನ್ನಿಸಿತು. ಹೇಳಲು ಬಾಯಿ ತೆರೆದ, ಆದರೆ ಅಂಗೈಯಲ್ಲಿ ಏನೋ ಹರಿದ ಹಾಗಾಯಿತು, ಚೀಲವೊಂದು ತಲೆ ಹೊರಗೆ ಹಾಕಿತ್ತು. ಕಣ್ಣು ತಾನಾಗಿಯೇ ಕೆಳಗೆ ಹೋಯಿತು.

ಮತ್ತೆ ಮೇಲೆ ನೋಡುವಾಗ ಅವಳು ಸೆರಗು ಕಟ್ಟಿಕೊಳ್ಳುತ್ತಿದ್ದಳು. ಸಿಟ್ಟೂ ಇರಲಿಲ್ಲ, ಅಳುವೂ ನಿಂತಿತ್ತು.

“ಚಾ ಇಟ್ಟೀನ್ರಿ, ಕುಡದು ಹೋಗ್ರಿ,” ಅಂದು ಹಿತ್ತಲಿಗೆ ನಡೆದಳು.

ಅಕ್ಕನಾಗಮ್ಮ ಸಕ್ಕರೆಯ ಬಟ್ಟಲು ಹಿಡಿದು ಬಂದವಳು ಯಾರಿಗೆ ಕೊಡಬೇಕೋ ತಿಳಿಯದೆ ನಿಂತಳು. ಸಾತಲಿಂಗಪ್ಪ ಅವಳ ಕೈಯಿಂದ ಬಟ್ಟಲು ಇಸಿದುಕೊಂಡು ಕೆಳಗಿಟ್ಟ, ತಾನೇ ಒಳಗೆ ಹೋಗಿ ಚಹಾ ತಂದು ಅಣ್ಣಾರಾಯನ ಮುಂದೆ ಹಿಡಿದ. ಅಣ್ಣಾರಾಯ ಬೇಡ ಅನ್ನಲಿಲ್ಲ. ಹಿತ್ತಲಿನಲ್ಲಿ ಅವಳು ಶಾಲಿನ ಅಂಚನ್ನು ಬಿಸಿಲಿಗೆ ಹರಡಿ, ಉಳಿದ ಒಂದೊಂದೇ ಚೀಲವನ್ನು ಉಗುರಿನಿಂದ ಕೀಳುತ್ತಿರುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಚಹಾದ ಬಟ್ಟಲು ಖಾಲಿಯಾಗುವ ತನಕ ಅವನು ಅವಳನ್ನೇ ನೋಡಿದ, ಅವಳು ಒಮ್ಮೆಯೂ ಈ ಕಡೆ ನೋಡಲಿಲ್ಲ.